ಜಾನ್ಸನ್ನರ ಪ್ರೊಜೆಸ್ಟರಾನ್ ಸಂಶ್ಲೇಷಣೆಯನ್ನು ಓದುವ ಬಗೆ

ಸ್ಟ್ಯಾನ್‌ಫರ್ಡ್‌ನ ವಿಲಿಯಂ ಎಸ್. ಜಾನ್ಸನ್ ತಂಡ 1971ರಲ್ಲಿ ಪ್ರೊಜೆಸ್ಟರಾನ್ ಎಂಬ ಸ್ಟೀರಾಯ್ಡ್ ಹಾರ್ಮೋನನ್ನು ಪ್ರಯೋಗಾಲಯದಲ್ಲಿ ಕಟ್ಟಿತು. ಈ ಕೆಲಸವನ್ನು ಓದುವ ಮುನ್ನ ಅದರ ನಾಲ್ಕು ಉಂಗುರಗಳಿಗೆ ಎ, ಬಿ, ಸಿ, ಡಿ ಎಂದೂ 21 ಇಂಗಾಲಗಳಿಗೆ ಸಂಖ್ಯೆಯನ್ನೂ ಬರೆದುಕೊಳ್ಳಿ. 18, 19 ಮೀಥೈಲ್‌ಗಳು (CH₃ ಗುಂಪುಗಳು). ಕ್ರಮವಾಗಿ 13 ಮತ್ತು 10ಕ್ಕೆ ಅಂಟಿವೆ.

ಆಮ್ಲದ ಹಂತದಲ್ಲಿ ನಿಧಾನಿಸಿ, ಇಡೀ ಸೊಗಸು ಅಲ್ಲೇ ಇದೆ. ಆರಂಭದ ಅಣು ಉದ್ದ ಸರಪಳಿ ಹೊತ್ತ ಸೈಕ್ಲೊಪೆಂಟೆನಾಲ್, ಅಂದರೆ OH ಇರುವ ಐದು ಇಂಗಾಲದ ಉಂಗುರ. ಅದು ನೀರು ಕಳೆದುಕೊಂಡು ಧನ ಅಯಾನು ಆಗುತ್ತದೆ. ಬಿ, ಸಿ, ಡಿ ಉಂಗುರಗಳು ಒಂದೇ ಹಂತದಲ್ಲಿ ಮುಚ್ಚಿಕೊಳ್ಳುತ್ತವೆ. ಹೊಸ ಬಂಧಗಳ ಬಾಣಗಳನ್ನು ನೀವೇ ಎಳೆಯಿರಿ: 10–9, 8–14, 13–17. ಸರಪಳಿಯ ಎರಡೂ ದ್ವಿಬಂಧಗಳು ಟ್ರಾನ್ಸ್ (ಸರಪಳಿ ಬಂಧದ ಎದುರು ಬದಿಗಳಲ್ಲಿ ಸಾಗುವಂತೆ) ಇರಲೇಬೇಕು. ಸಿಸ್ (ಒಂದೇ ಬದಿಯಲ್ಲಿ) ಬರೆದರೆ ಉಂಗುರಗಳ ಟ್ರಾನ್ಸ್ ಜೋಡಣೆ ಕೆಡುತ್ತದೆ. ಕೊನೆಗೆ ಸರಪಳಿಯ ತ್ರಿಬಂಧದ ಮೇಲೆ ಉಳಿದ ಧನ ಅಯಾನನ್ನು ಎಥಿಲೀನ್ ಕಾರ್ಬೊನೇಟ್ ಹಿಡಿಯುತ್ತದೆ.

ಎ ಉಂಗುರ ಇನ್ನೂ ಐದು ಇಂಗಾಲದ್ದೇ. ಓಝೋನ್ ಅದನ್ನು ಸೀಳುತ್ತದೆ, ಕ್ಷಾರ ಆರರದ್ದಾಗಿ ಮುಚ್ಚುತ್ತದೆ. ಸಿಕ್ಕ ಪ್ರೊಜೆಸ್ಟರಾನ್ ರೇಸಿಮಿಕ್, ಅಂದರೆ ಕನ್ನಡಿ ಪ್ರತಿಬಿಂಬದಂಥ ಎರಡು ರೂಪಗಳ ಸಮ ಮಿಶ್ರಣ. ಅದನ್ನು ನೈಸರ್ಗಿಕ ರೂಪವೆಂದು ಗುರುತಿಸಬೇಡಿ.