ಬಾಡಿಗೆ ಮನೆ ರಿಪೇರಿ: ಸ್ಪ್ಯಾನರ್ ಹಿಡಿಯೋ ಮೊದಲು ವಾಲ್ವ್ ಹುಡುಕಿ

ಮನೆ ಬಾಡಿಗೆಗೆ ಕೊಟ್ಟು ಇನ್ನೂ ತಿಂಗಳು ತುಂಬಿರಲಿಲ್ಲ. ಅಡುಗೆಮನೆ ನಲ್ಲಿ ಸೋರ್ತಿದೆ ಅಂತ ಬಾಡಿಗೆಯವರ ಫೋನ್ ಬಂತು. ಪ್ಲಂಬರ್ ಮೂರು ದಿನ "ನಾಳೆ ಬರ್ತೀನಿ" ಎಂದರು. ಸೆಕೆಂಡಿಗೆ ಒಂದು ಹನಿ ಅಂದರೂ ದಿನಕ್ಕೆ 86,400 ಹನಿ. ರಾತ್ರಿಯೆಲ್ಲ ಆ ಸದ್ದು ಕೇಳಿಕೊಂಡು ಮಲಗೋರು ಬಾಡಿಗೆಯವರು ತಾನೇ? ನಾಲ್ಕನೇ ದಿನ ನಾನೇ ಹೋದೆ.

ಸಿಂಕ್ ಕೆಳಗೆ ಆ ನಲ್ಲಿಗಷ್ಟೇ ನೀರು ಬಂದ್ ಮಾಡೋ ಚಿಕ್ಕ ವಾಲ್ವ್, ಅಂದರೆ ಆ್ಯಂಗಲ್ ಕಾಕ್, ತಿರುಗಿಸಿದೆ. ಅದು ವರ್ಷಗಟ್ಟಲೆ ಯಾರೂ ಮುಟ್ಟದೆ ಗಟ್ಟಿಯಾಗಿತ್ತು. ಜೋರು ಹಾಕಿದೆ, ಹಿಡಿ ಸಮೇತ ಒಳಗಿನ ಕಡ್ಡಿ ಕಿತ್ತು ಬಂದು ನೀರು ಚಿಮ್ಮಿತು. ಮೇನ್ ವಾಲ್ವ್ ಎಲ್ಲಿದೆ ಅಂತ ಅವರಿಗೂ ಗೊತ್ತಿಲ್ಲ, ಮನೆ ನನ್ನದೇ ಆದರೂ ನನಗೂ ಗೊತ್ತಿಲ್ಲ. ಮೇಲೆ ಓಡಿ, ಟ್ಯಾಂಕಿನಿಂದ ಇಳಿಯೋ ಮೂರು ಪೈಪುಗಳಲ್ಲಿ ಯಾವುದು ಅಂತ ಒಂದೊಂದೇ ಬಂದ್ ಮಾಡಿ ನೋಡುವಷ್ಟರಲ್ಲಿ ಅವರ ಅಡುಗೆಮನೆ ಪೂರ್ತಿ ನೀರು. ಇಬ್ಬರೂ ಸೇರಿ ಒರೆಸಿದೆವು. ನೆಂದು ಹಾಳಾದ ಸಾಮಾನಿನ ದುಡ್ಡು ನಾನೇ ಕೊಟ್ಟೆ.

ಆವತ್ತಿನಿಂದ ನನ್ನ ಮೊದಲ ಕೆಲಸವೇ ಬದಲಾಯಿತು. ಒಂದು ಮಧ್ಯಾಹ್ನ ಕೂತು ಎಲ್ಲ ವಾಲ್ವ್‌ಗಳನ್ನೂ ಮುಚ್ಚಿ ತೆರೆದು, ಯಾವುದು ಎಲ್ಲಿಗೆ ಹೋಗುತ್ತದೆ ಅಂತ ಚೀಟಿ ಕಟ್ಟಿದೆ. ಸ್ವಿಚ್ ಬೋರ್ಡಿನ ಎಂಸಿಬಿಗಳಿಗೂ (ಲೋಡ್ ಜಾಸ್ತಿಯಾದರೆ ತಾನೇ ಬಿದ್ದು ಕರೆಂಟ್ ಬಂದ್ ಮಾಡೋ ಸ್ವಿಚ್‌ಗಳು) ಹಾಗೇ. ಅದೆಲ್ಲದರ ಪಟ್ಟಿಯ ಒಂದು ಪ್ರತಿ ಬಾಡಿಗೆಯವರ ಹತ್ತಿರ ಇದೆ. ಆರು ತಿಂಗಳಿಗೊಮ್ಮೆ ಎಲ್ಲ ವಾಲ್ವನ್ನೂ ಒಂದು ಸಲ ಆಡಿಸ್ತೀನಿ, ಹಿಡಿದುಕೊಳ್ಳಬಾರದು ಅಂತ.

ಇನ್ನು ನಲ್ಲಿ. ನೀರು ಬಂದ್ ಮಾಡಿದ ಮೇಲೆ ನಲ್ಲಿ ತೆರೆದು ಪೈಪಿನಲ್ಲಿ ಉಳಿದಿದ್ದನ್ನ ಹರಿಸಿಬಿಡಿ. ಸಿಂಕಿನ ತೂತಿಗೆ ಬಟ್ಟೆ ತುರುಕಿ, ಇಲ್ಲಾಂದ್ರೆ ಚಿಕ್ಕ ಸ್ಕ್ರೂ ಕೆಳಗೆ ಹೋಯ್ತು ಅಂತಲೇ ಲೆಕ್ಕ. ಹಿಡಿ ತೆಗೆದು, ಸ್ಪ್ಯಾನರಿನಿಂದ ಮೇಲಿನ ಭಾಗ ಬಿಚ್ಚಿದರೆ ತುದಿಯಲ್ಲಿ ಕಪ್ಪು ರಬ್ಬರ್ ವಾಶರ್ ಕಾಣುತ್ತದೆ. ನನಗೆ ಸಿಕ್ಕಿದ್ದರಲ್ಲಿ ಬಳೆಯ ಅಚ್ಚಿನ ಹಾಗೆ ದುಂಡಗೆ ಗುಳಿ ಬಿದ್ದಿತ್ತು, ಒಂದು ಕಡೆ ಅಂಚು ಸೀಳಿತ್ತು. ಸೋರ್ತಿದ್ದದ್ದು ಆ ಸೀಳಿನಿಂದಲೇ. ಹಳೆಯದನ್ನೇ ಅಂಗಡಿಗೆ ಹಿಡಿದುಕೊಂಡು ಹೋಗಿ ಅದೇ ಅಳತೆಯದು ತನ್ನಿ. ವಾಪಸ್ ಕೂರಿಸುವಾಗ ಹಿಡಿಯನ್ನ ತೆರೆದ ಸ್ಥಿತಿಯಲ್ಲೇ ಇಟ್ಟು ಬಿಗಿ ಮಾಡಬೇಕು, ಮುಚ್ಚಿಟ್ಟು ಬಿಗಿ ಮಾಡಿದರೆ ಹೊಸ ವಾಶರ್ ಅಲ್ಲೇ ಜಜ್ಜಿ ಹೋಗುತ್ತದೆ. ವಾಶರ್ ಹಾಕಿದ ಮೇಲೂ ಹನಿ ನಿಲ್ಲದಿದ್ದರೆ ಅದು ಕೂರುವ ಜಾಗವೇ ಸವೆದಿದೆ ಎಂದು ಅರ್ಥ, ಆಗ ನಲ್ಲಿ ಬದಲಿಸೋದೇ ವಾಸಿ. ಅರ್ಧ ಸುತ್ತಿಗೂ ಕಡಿಮೆ ತಿರುಗಿಸುವ ಹೊಸ ತರದ ನಲ್ಲಿಗಳಲ್ಲಿ ಈ ವಾಶರ್ ಇರೋದಿಲ್ಲ, ನೀರು ಬಿಡೋ, ನಿಲ್ಲಿಸೋ ಒಳಗಿನ ಇಡೀ ತುಂಡನ್ನೇ, ಅಂದರೆ ಕಾರ್ಟ್ರಿಜ್, ಬದಲಿಸಬೇಕು. ಜೋಡಣೆ ಸೋರದ ಹಾಗೆ ಪೈಪಿನ ತಿರುಪಿಗೆ ಟೆಫ್ಲಾನ್ ಟೇಪ್ ಸುತ್ತುವಾಗ ಬಿಗಿ ಮಾಡುವ ದಿಕ್ಕಿಗೇ ಸುತ್ತಿ, ಉಲ್ಟಾ ಸುತ್ತಿದರೆ ಬಿಚ್ಚಿಕೊಂಡು ಬರುತ್ತದೆ.

ಇನ್ನೊಂದು ಸಲ "ಫ್ಲಶ್ ಟ್ಯಾಂಕ್ ಸುಮ್ನೆ ತುಂಬ್ತಾನೇ ಇರುತ್ತೆ" ಅಂದರು. ಟ್ಯಾಂಕಿಗೆ ನಾಲ್ಕು ಹನಿ ಬಣ್ಣ ಹಾಕಿ, ಫ್ಲಶ್ ಮಾಡದೆ 20 ನಿಮಿಷ ಕಾದೆ. ಕೆಳಗೆ ಕಮೋಡಿನಲ್ಲಿ ಬಣ್ಣ ಕಂಡಿತು, ಅಂದರೆ ತಳದ ರಬ್ಬರ್ ಸರಿಯಾಗಿ ಕೂರುತ್ತಿಲ್ಲ. ಅದನ್ನ ಬದಲಿಸಿದೆ, ಸರಿಹೋಯಿತು. ನೀರು ಮೇಲಿನ ಓವರ್‌ಫ್ಲೋ ಪೈಪಿನ ಬಾಯಿಗೇ ಹೋಗ್ತಿದ್ದರೆ ರಬ್ಬರ್ ತಪ್ಪಲ್ಲ, ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸೋ ಫ್ಲೋಟ್ ಇಳಿಸಬೇಕು. ಆ ಬಾಯಿಗಿಂತ ಒಂದಿಂಚು ಕೆಳಗೆ ನೀರು ನಿಂತರೆ ಸಾಕು.

ಬಾಗಿಲು ನೆಲಕ್ಕೆ ಉಜ್ಜಿದರೆ ಉಜ್ಜುಗೊರಡು ಹಿಡಿಯಬೇಡಿ. ಮೊದಲು ಮೇಲಿನ ಕೀಲಿನ ಸ್ಕ್ರೂ ನೋಡಿ. ತೂತು ಸಡಿಲವಾಗಿದ್ದರೆ ತಲೆ ಮುರಿದ ಬೆಂಕಿಕಡ್ಡಿಗಳನ್ನ ಮರದ ಅಂಟಿನಲ್ಲಿ ಅದ್ದಿ ತುರುಕಿ, ರಾತ್ರಿಯೆಲ್ಲ ಒಣಗಲು ಬಿಟ್ಟು, ಮತ್ತೆ ಸ್ಕ್ರೂ ಹಾಕಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಆಗ ಕೆತ್ತಿದರೆ ಬೇಸಿಗೆಯಲ್ಲಿ ಸಂದು ಬೀಳುತ್ತದೆ ಅಲ್ವಾ?

ಕರೆಂಟ್ ಮತ್ತು ಗ್ಯಾಸ್ ಕೆಲಸ ಮಾತ್ರ ನಾನು ಮುಟ್ಟೋದಿಲ್ಲ. ಎಂಸಿಬಿ ಪದೇ ಪದೇ ಬೀಳ್ತಿದೆ ಅಂದರೆ ಸಾಮಾನ್ಯವಾಗಿ ಎಲ್ಲೋ ಲೋಡ್ ಜಾಸ್ತಿ ಆಗಿದೆ, ಇಲ್ಲವೇ ಶಾರ್ಟ್ ಇದೆ. ಅದಕ್ಕೆ ದೊಡ್ಡ ಎಂಸಿಬಿ ಹಾಕಿಬಿಡೋಣ ಅನ್ನೋರು ಇದ್ದಾರೆ. ದಯವಿಟ್ಟು ಬೇಡ. ವೈರ್ ಒಳಗೇ ಕಾದು ಬೆಂಕಿ ಹತ್ತಬಹುದು, ಆ ಮನೆಯಲ್ಲಿ ಜನ ಮಲಗಿರ್ತಾರೆ. ನಾನು ಮಾಡೋದು ಇಷ್ಟೇ: ಕರೆಂಟ್ ಸೋರಿದರೆ ತಾನೇ ಬೀಳೋ ಸ್ವಿಚ್ ಆದ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ತಕ್ಷಣ ಬೀಳುತ್ತಾ ನೋಡ್ತೀನಿ. ಬೀಳದಿದ್ದರೆ ಆ ದಿನವೇ ಎಲೆಕ್ಟ್ರಿಷಿಯನ್ ಕರೆಸ್ತೀನಿ.

ಮನೆ ನನ್ನ ಹೆಸರಿನಲ್ಲಿದ್ದರೂ ಒಳಗೆ ಬದುಕು ನಡೆಸೋರು ಅವರು. ಹಾಗಾಗಿ ದಿನ, ಹೊತ್ತು ಕೇಳದೆ ಹೋಗೋದಿಲ್ಲ, ಕೆಲಸ ಆದಮೇಲೆ ಗುಡಿಸಿ ಬರ್ತೀನಿ. ಬಿಚ್ಚಿ ಹಾಕಿದ ಪ್ರತಿ ಜೋಡಣೆಗೂ ಒಣ ಟಿಶ್ಯೂ ಪೇಪರ್ ಸುತ್ತಿಟ್ಟಿರ್ತೀನಿ. ಕಣ್ಣಿಗೆ ಕಾಣದ ಜಿನುಗೂ ಅದರಲ್ಲಿ ಗೊತ್ತಾಗುತ್ತದೆ. ಮರುದಿನ ಬೆಳಿಗ್ಗೆ ಫೋನ್ ಮಾಡಿ ಅದೊಂದೇ ಕೇಳ್ತೀನಿ: ಪೇಪರ್ ಒಣಗೇ ಇದೆಯಾ?