ಮುಳ್ಳಯ್ಯನಗಿರಿಗೆ ಮಳೇಲಿ ಒಬ್ನೇ ಓಡಿದ್ದು

ಮೊದ್ಲೇ ಹೇಳ್ಬಿಡ್ತೀನಿ, ಪೂರ್ತಿ ಓಡ್ಲಿಲ್ಲ. ಸರ್ಪದಾರಿ, ಅಂದ್ರೆ ಬೆಟ್ಟದ ತುದಿಗೆ ಹೋಗೋ ಕಡಿದಾದ ಕಾಲುದಾರಿ, ಹತ್ತಿದವ್ರಿಗೆ ಗೊತ್ತು, ಅದನ್ನ ಪೂರ್ತಿ ಓಡ್ಬೇಕು ಅಂದ್ರೆ ಆಡಾಗಿ ಹುಟ್ಟಿರ್ಬೇಕು. ಏರು ಸ್ವಲ್ಪ ಕಮ್ಮಿ ಇರೋ ಕಡೆ ಓಟ, ಉಳಿದಿದ್ದಕ್ಕೆಲ್ಲ ಮಂಡಿ ಮೇಲೆ ಕೈ ಊರ್ಕೊಂಡು ನಡಿಗೆ.

ಜುಲೈ ತಿಂಗ್ಳು, ಪುನರ್ವಸು ಮಳೆ ಬಿಡದೆ ಹಿಡ್ಕೊಂಡಿತ್ತು. ಜೊತೆಗೆ ಬರ್ತೀನಿ ಅಂದಿದ್ದ ರೂಮ್‌ಮೇಟು ಬೆಳಿಗ್ಗೆ ಕಿಟಕಿ ತೆಗ್ದು ನೋಡಿ ಮತ್ತೆ ಕಂಬಳಿ ಹೊದ್ಕೊಂಡ. ಸರಿ, 10 ಗಂಟೆ ಒಳಗೆ ನನ್ನ ಫೋನ್ ಬರ್ಲಿಲ್ಲ ಅಂದ್ರೆ ಸರ್ಪದಾರಿ ಕಡೆ ಜನ ಕರ್ಕೊಂಡು ಬಾ ಅಂತ ಹೇಳಿ, ಹೋಗೋ ದಾರಿ ಬರೋ ದಾರಿ ಎರಡೂ ಅವನ ಮೊಬೈಲಿಗೆ ಕಳ್ಸಿ ಹೊರಟೆ. ಸೊಂಟದ ಬ್ಯಾಗಲ್ಲಿ ಎರಡು ಕಡ್ಲೆ ಚಿಕ್ಕಿ, ಅರ್ಧ ಲೀಟರ್ ನೀರು, ವಿಷಲ್ಲು, ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ಒಂದು ಒಣ ಬನಿಯನ್ನು. ಬನಿಯನ್ನು ಇಡ್ಬೇಕು ಅನ್ನೋ ಬುದ್ಧಿ ಇದ್ದವನಿಗೆ ಕಾಟನ್ ಟೀಶರ್ಟ್ ಹಾಕ್ಬಾರ್ದು ಅನ್ನೋ ಬುದ್ಧಿ ಯಾಕೆ ಬರ್ಲಿಲ್ವೋ.

ರಸ್ತೆ ಪಕ್ಕದ ಕಮಾನು ದಾಟಿ ಹತ್ತೋಕೆ ಶುರು ಮಾಡಿದಾಗ ಮೈ ಬಿಸಿಯಾಗಿ ಮಳೆ ಹಿತವಾಗೇ ಇತ್ತು. ಇಂಬಳಕ್ಕೆ (ರಕ್ತ ಹೀರೋ ಜಿಗಣೆ) ಅಂತ ಸಾಕ್ಸಿಗೆ ಉಪ್ಪು ಸವರಿದ್ದೆ, ಅದು ಐದು ನಿಮಿಷಕ್ಕೆ ತೊಳ್ದು ಹೋಯ್ತು, ಆಮೇಲೆ ನಿಲ್ಲದೆ ಹೋಗೋದೇ ಔಷಧಿ ಅನ್ಕೊಂಡು ನಡ್ದೆ. ಹುಲ್ಲು ಮೊಣಕಾಲಿನವರೆಗೆ, ಮಂಜು ಎಷ್ಟು ಅಂದ್ರೆ ಹತ್ತು ಹೆಜ್ಜೆ ಆಚೆ ಏನಿಲ್ಲ. ಒಂದು ದಿಣ್ಣೆ ಹತ್ತಿ ಇದೇ ತುದಿ ಅನ್ಕೊಳ್ಳೋದು, ಮಂಜು ಸ್ವಲ್ಪ ಸರಿದ್ರೆ ಮುಂದೆ ಇನ್ನೊಂದು, ಹಿಂಗೇ ಮೂರು ಸಲ ಮೋಸ ಹೋದೆ.

ನಿಜವಾದ ಕಷ್ಟ ಶುರುವಾಗಿದ್ದು ಬೆಟ್ಟದ ಏಣಿನ ಮೇಲೆ. ಅಲ್ಲಿವರೆಗೆ ಗಾಳಿ ಬರೀ ಸದ್ದು ಮಾಡ್ತಿತ್ತು, ಮರೆ ತಪ್ಪಿದ ತಕ್ಷಣ ಪಡುವಣದಿಂದ ಹೊಡೆದ ಹೊಡೆತಕ್ಕೆ ಪಕ್ಕಕ್ಕೆ ವಾಲಿಬಿಟ್ಟೆ. ತುದಿ 1,930 ಮೀಟರ್, ಚಿಕ್ಕಮಗಳೂರು ಊರಿಗಿಂತ 800 ಮೀಟರಿಗೂ ಜಾಸ್ತಿ ಮೇಲೆ, ಅಂದ್ರೆ ಸುಮಾರು 5 ಡಿಗ್ರಿ ಕಮ್ಮಿ ಅಂತ ಲೆಕ್ಕ ಹಾಕ್ಕೊಂಡಿದ್ದೆ, ಆದ್ರೆ ಒದ್ದೆ ಕಾಟನ್ ಮೈಗೆ ಅಂಟ್ಕೊಂಡು ಮೇಲಿಂದ ಗಾಳಿ ಬೀಸಿದ್ರೆ ಆ ಲೆಕ್ಕ ಯಾವ ಮೂಲೆಗೂ ಸಾಲಲ್ಲ. ಓಡ್ತಿರೋವಾಗ ಗೊತ್ತಾಗಲ್ಲ, ನಿಂತಾಗ ಗೊತ್ತಾಗುತ್ತೆ. ಚಿಕ್ಕಿ ತಿನ್ನೋಣ ಅಂತ ನಿಂತೆ, ಬೆರಳು ಮಡಚ್ತಿಲ್ಲ, ಕವರ್ ಹರಿಯಕ್ಕೇ ಆಗ್ಲಿಲ್ಲ. ಹಲ್ಲಲ್ಲಿ ಕಚ್ಚಿ ಹರಿದು ಪ್ಲಾಸ್ಟಿಕ್ ಸಮೇತ ಅರ್ಧ ತಿಂದೆ. ಅವಾಗ ಸ್ವಲ್ಪ ಭಯ ಆಯ್ತು, ಸುಳ್ಳು ಹೇಳಲ್ಲ. ಬಂದ ದಾರೀಲೇ ಇಳಿಯೋಣ ಅಂದ್ರೆ ಆ ಜಾರೋ ಹುಲ್ಲಲ್ಲಿ ಮಡಚದ ಕೈ ಇಟ್ಕೊಂಡು ಇಳಿಯೋದು ಹತ್ತೋದಕ್ಕಿಂತ ಅಪಾಯ. ಮೇಲೆ ಹೋದ್ರೆ ಆಚೆ ಕಡೆ ಮೆಟ್ಲಿದೆ, ಮೆಟ್ಲಿಳಿದ್ರೆ ರಸ್ತೆ. ಅದಕ್ಕೇ ಮೇಲಕ್ಕೇ ಹೋದೆ.

ತುದೀಲಿ ಮುಳ್ಳಪ್ಪಸ್ವಾಮಿ ಗುಡಿ ಸಿಕ್ಕಿದ್ದು ಹೆಚ್ಚುಕಮ್ಮಿ ಗೋಡೆಗೆ ಹಣೆ ತಾಗಿದ ಮೇಲೆ. ಕೈ ಮುಗಿದು, ಗೋಡೆ ಮರೇಲಿ ಟೀಶರ್ಟ್ ಕಿತ್ತು ಒಣ ಬನಿಯನ್ ಹಾಕಿ, ಮೇಲೆ ವಿಂಡ್‌ಚೀಟರ್ ಏರಿಸಿದೆ. ಆ ಹಗುರವಾದ ಒಣ ಬಟ್ಟೆ ಕೊಟ್ಟ ಸುಖ ಯಾವ ಶೂನೂ ಕೊಟ್ಟಿಲ್ಲ ನಂಗೆ. ವ್ಯೂ ಗೀವ್ಯೂ ಏನಿಲ್ಲ, ಬರೀ ಬಿಳಿ.

ಮೆಟ್ಲು ನೂರಾರಿದೆ, ಪಾಚಿ ಕಟ್ಟಿತ್ತು, ಅಡ್ಡಡ್ಡ ಕಾಲಿಡ್ತಾ ಇಳಿದೆ. ಕೆಳಗೆ ರಸ್ತೆ ಸಿಕ್ಕ ಮೇಲೆ ಸೀತಾಳಯ್ಯನಗಿರಿ ಕಡೆ ನಿಜವಾಗ್ಲೂ ಓಡ್ದೆ, ಮೈ ಬಿಸಿ ಆಗ್ಲಿ ಅಂತ. ದಾರೀಲಿ ಒಂದೇ ಒಂದು ಅಂಗಡಿ ತೆರೆದಿತ್ತು, ಅಜ್ಜಿ ಟೀ ಲೋಟ ಕೊಡೋ ಬದ್ಲು ನನ್ನ ಎರಡೂ ಕೈ ಹಿಡ್ದು ಲೋಟದ ಸುತ್ತ ಒತ್ತಿ ಇಟ್ರು, ಆಮೇಲೆ ಕಾಲು ನೋಡಿ ಸುಣ್ಣ ತಂದು ಇಂಬಳ ಬಿಡಿಸಿದ್ರು, ಏಳಿತ್ತು. ಸಿಗ್ನಲ್ ಸಿಕ್ಕಾಗ 9:52. ರೂಮ್‌ಮೇಟು ಒಂದೇ ರಿಂಗಿಗೆ ಎತ್ತಿದ, ಶೂ ಕಟ್ತಾ ಇದ್ನಂತೆ.