ಎಲ್‌ಇಡಿ, ದಾರ ಮತ್ತು ಒಂದು ನಟ್: ತಡವಾದ ಪಿಕಪ್ ಹಿಡಿದ ಬಗೆ

ಗೋಕಾಕದ ಕಬ್ಬು ಬೆಳೆಗಾರರೊಬ್ಬರ ಕಾರು. ಪೆಟ್ರೋಲ್, ಆರು ಗೇರಿನ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ (ಎಂಜಿನ್ನಿನ ಬಲ ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟುವ ಬಗೆ), ಓಡಿದ್ದು 90 ಸಾವಿರ ಕಿಲೋಮೀಟರಿನ ಆಸುಪಾಸು. ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರನ್ನು ಹಿಂದಿಕ್ಕಲು ಪೆಡಲ್ ಒತ್ತಿದರೆ ಕಾರು ಸುಮ್ಮನಿದ್ದು, ಎದುರಿನ ಲಾರಿ ಹತ್ತಿರವಾದ ಮೇಲೆ ಒಮ್ಮೆಗೇ ಜಿಗಿಯುತ್ತಿತ್ತು. ಅವರು ಮೊದಲೇ ಎರಡು ಕಡೆ ತೋರಿಸಿದ್ದರು. ಎರಡೂ ಕಡೆ ಒಂದೇ ಮಾತು: ಒಳಗಿನ ಕ್ಲಚ್ ಸುಟ್ಟಿದೆ, ಗೇರ್‌ಬಾಕ್ಸ್ ಇಳಿಸಬೇಕು, 1 ಲಕ್ಷ 40 ಸಾವಿರ. ಬೆಳಗಾವಿಯ ಉದ್ಯಮಬಾಗದಲ್ಲಿರುವ ನನ್ನ ಓರಗೆಯ ಮೆಕ್ಯಾನಿಕ್‌ಗಳೂ ‘ಇಳಿಸದೆ ಆಗುವ ಕೆಲಸವಲ್ಲ’ ಎಂದು ನಕ್ಕರು.

ನಾನೂ ಮೊದಲು ಕತ್ತಲಲ್ಲೇ ತಡಕಾಡಿದೆ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಬಿಚ್ಚಿ ಮಸಿ ತೊಳೆದೆ, ಅದರ ಹೊಸ ಸ್ಥಿತಿಯನ್ನು ಕಂಪ್ಯೂಟರಿಗೆ ಮತ್ತೆ ಕಲಿಸುವ ರೀಲರ್ನ್ ಮಾಡುವುದನ್ನು ಮರೆತೆ. ಐಡ್ಲಿಂಗ್ (ಪೆಡಲ್ ಒತ್ತದಿದ್ದಾಗಿನ ಎಂಜಿನ್ ಓಟ) ನಿಮಿಷಕ್ಕೆ 1,200 ಸುತ್ತಿಗೆ ಏರಿ ಕುಳಿತಿತು. ಕಾರಿನ ಸಾಹುಕಾರರು ಮರುದಿನವೇ ಸಿಟ್ಟಿನಿಂದ ಬಂದರು. ಆಮೇಲೆ ಪೆಡಲಿಗೆ ಸಿಕ್ಕಿಸಿ ಅದರ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆಯೊಂದನ್ನು ಆರು ಸಾವಿರ ಕೊಟ್ಟು ತರಿಸಿದೆ. ಕಾಲಿಗೇನೋ ಚುರುಕು ಎನಿಸಿತು, ತಡ ಮಾತ್ರ ಹಾಗೆಯೇ ಉಳಿಯಿತು. ಆ ಹಣ ನನ್ನ ಕಿಸೆಯಿಂದಲೇ ಹೋಯಿತು.

ತಡ ಎಲ್ಲಿದೆ ಎಂದು ತಿಳಿಯದೆ ಮುಂದೆ ಕೈ ಹಾಕುವುದಿಲ್ಲ ಎಂದುಕೊಂಡೆ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರಿನಲ್ಲಿ ಹತ್ತು ಅಂಕಿ ತೆರೆದರೆ ಒಂದೊಂದೂ ತಡವರಿಸಿ ಬರುತ್ತದೆ, ಸೆಕೆಂಡಿನೊಳಗಿನ ತಡ ಅದರಲ್ಲಿ ಸಿಗುವುದಿಲ್ಲ. ಹಳೆಯ ಫ್ರಿಜ್ ಬಾಗಿಲಿನ ಸ್ವಿಚ್ಚನ್ನು ಪೆಡಲಿಗೆ ಕಟ್ಟಿ, ಪೆಡಲ್ ತುಳಿದೊಡನೆ ಹೊತ್ತುವ ಒಂದು ಎಲ್‌ಇಡಿಯನ್ನು ಅದರಿಂದ ಮೀಟರಿನ ಪಕ್ಕಕ್ಕೆ ಎಳೆದೆ. ಮೀಟರಿನ ಮುಂದೆ ದಾರದಲ್ಲಿ ಒಂದು ಎಂಟು ಎಂಎಂ ನಟ್ ತೂಗಿಬಿಟ್ಟೆ, ಕಾರು ಮುಂದಕ್ಕೆ ಜಿಗಿದರೆ ಅದು ಹಿಂದಕ್ಕೆ ಸರಿಯುತ್ತದೆ. ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ವಿಡಿಯೊ. ಪೀರನವಾಡಿ ದಾಟಿ ಖಾನಾಪುರ ರಸ್ತೆಯಲ್ಲಿ ಇಪ್ಪತ್ತರ ವೇಗದಿಂದ ಪೆಡಲ್ ತುಳಿದೆ. ರಾತ್ರಿ ಕುಳಿತು ಎಣಿಸಿದರೆ, ದೀಪ ಹೊತ್ತಿದ ನಲವತ್ತು ಫ್ರೇಮಿಗೆಲ್ಲ ಆರ್‌ಪಿಎಂ ಮುಳ್ಳು ಎದ್ದಿತ್ತು. ನಟ್ ಹಿಂದಕ್ಕೆ ಸರಿದದ್ದು ಸುಮಾರು 310ಕ್ಕೆ. ಅಂದರೆ ಎಂಜಿನ್ ತಪ್ಪಿಲ್ಲ. ಒಂದು ಸೆಕೆಂಡಿಗೂ ಮೀರಿದ ತಡ ಗೇರ್‌ಬಾಕ್ಸಿನದೇ. ಕುತೂಹಲಕ್ಕೆ ಏರ್ ಫಿಲ್ಟರ್ ತೆಗೆದೂ ಓಡಿಸಿದೆ. ನಾಲ್ಕೈದು ಫ್ರೇಮಿನ ವ್ಯತ್ಯಾಸವೂ ಕಾಣಲಿಲ್ಲ.

ಹಾಗಾದರೆ ಓರಗೆಯವರ ಮಾತೇ ನಿಜವಾಯಿತೇ? ಗೇರ್‌ಬಾಕ್ಸಿನ ಸಂಪು (ಕೆಳಗಿನ ಆಯಿಲ್ ತಟ್ಟೆ) ಬಿಚ್ಚಿ ನೋಡಿದೆ. ಆಯಿಲ್ ಕಂದಾಗಿತ್ತು, ಸುಟ್ಟ ವಾಸನೆಯಿಲ್ಲ. ಅಯಸ್ಕಾಂತದ ಮೇಲೆ ನುಣ್ಣನೆಯ ಕೆಸರು ಮಾತ್ರ, ಚೂರುಗಳಿಲ್ಲ. ಆಗ ಸಾಹುಕಾರರು ನೆನಪಿಸಿಕೊಂಡರು, ವರ್ಷದ ಹಿಂದೆ ಎಲ್ಲೋ ಆಯಿಲ್ ಬದಲಿಸಿದ್ದರಂತೆ. ಅಳತೆಯ ಕಡ್ಡಿಯಿಲ್ಲದ ಈ ಬಾಕ್ಸಿನಲ್ಲಿ ಆಯಿಲ್ ಮಟ್ಟವನ್ನು ಎಂಜಿನ್ ಚಾಲೂ ಇಟ್ಟು, ಇಂತಿಷ್ಟೇ ಉಷ್ಣತೆಯಲ್ಲಿ ಪ್ಲಗ್ ತೆಗೆದು ನೋಡಬೇಕು. ಬದಲಿಸಿದವರು ಆಯಿಲ್ ಕುದಿಯುವ ಹಾಗಿದ್ದಾಗ ಪ್ಲಗ್ ತೆಗೆದಿರಬೇಕು. ಉಬ್ಬಿದ ಆಯಿಲ್ ಹೊರಗೆ ಹರಿದಿದೆ, ತಣಿದ ಮೇಲೆ ಮಟ್ಟ ಇಳಿದಿದೆ, ಪಂಪು ಗಾಳಿ ನುಂಗಿದೆ, ಅದಕ್ಕೇ ಒತ್ತಡ ತಡವಾಗಿ ಏರಿದೆ.

ಒಮ್ಮೆಗೆ ಅರ್ಧಕ್ಕಿಂತ ಕಡಿಮೆ ಆಯಿಲ್ಲೇ ಇಳಿಯುವುದು, ಉಳಿದದ್ದು ಕನ್ವರ್ಟರಿನಲ್ಲಿ. ಆದ್ದರಿಂದ ಮೂರು ಸಲ ಬದಲಿಸಿದೆ. ಎರಡನೆಯ ಸಲ ಹುಡುಗ ಪ್ಲಗ್ ತೆರೆದಿರುವಾಗಲೇ ಎಂಜಿನ್ ಆರಿಸಿದ. ಲೀಟರಿಗೆ ಒಂಬೈನೂರರ ಆಯಿಲ್ ಒಂದೂವರೆ ಲೀಟರು ನೆಲ ಕುಡಿಯಿತು. ಪ್ಲಗ್ ತೆಗೆಯಬೇಕಾದ ಉಷ್ಣತೆ ಕೈಪಿಡಿಯಲ್ಲಿದೆ. ಅದಕ್ಕಿಂತ ಎಷ್ಟು ಡಿಗ್ರಿ ಮೊದಲು ಕೈ ಹಾಕುತ್ತೇನೆ, ಗೇರ್‌ಬಾಕ್ಸಿನ ಕಂಪ್ಯೂಟರ್ ಕಲಿತಿಟ್ಟ ಹಳೆಯ ಅಳತೆಗಳನ್ನು ಅಳಿಸಿದ ಮೇಲೆ ಯಾವ ಗೇರಿನಲ್ಲಿ ಎಷ್ಟು ದೂರ ಓಡಿಸುತ್ತೇನೆ ಎಂಬುದು ನನ್ನಲ್ಲೇ ಇರಲಿ, ಹೊಟ್ಟೆಪಾಡು.

ಈಗ ನಟ್ 110ನೇ ಫ್ರೇಮಿನ ಹೊತ್ತಿಗೆ ಸರಿಯುತ್ತದೆ. ಬಿಲ್ಲು ಹದಿನೆಂಟು ಸಾವಿರ ಚಿಲ್ಲರೆ. ನಕ್ಕವರಲ್ಲಿ ಒಬ್ಬರು ಆ ವಿಡಿಯೊ ಕೇಳಿದ್ದಾರೆ, ಕೊಟ್ಟಿಲ್ಲ.

ಅದೇ ನಟ್ಟನ್ನು ಈಗ ಒಂದು ಎಎಂಟಿ (ಮ್ಯಾನುವಲ್ ಗೇರ್‌ಬಾಕ್ಸಿನ ಕ್ಲಚ್ಚು, ಗೇರನ್ನು ಯಂತ್ರವೇ ಒತ್ತಿ ಬದಲಿಸುವ) ಕಾರಿನಲ್ಲಿ ತೂಗಿಬಿಟ್ಟಿದ್ದೇನೆ. ಗೇರ್ ಇಳಿಯುವಾಗ ಅದು ಮೊದಲು ಮುಂದಕ್ಕೆ ತೂಗಿ ಆಮೇಲೆ ಹಿಂದಕ್ಕೆ ಬರುತ್ತದೆ. ನೂರೈವತ್ತು ಫ್ರೇಮಿಗಿಂತ ಕೆಳಗೆ ಇಳಿಸಲು ನನ್ನಿಂದ ಇನ್ನೂ ಆಗಿಲ್ಲ.